ಆಡಿದವರಿಗೆ ಪದಕ, ಆಡಿಸಿದವರಿಗೆ?

ಕಾಲೇಜು ಮೈದಾನದಲ್ಲಿ ಕಬಡ್ಡಿ ಪಂದ್ಯ ಬೆಳಿಗ್ಗೆ ಒಂಬತ್ತಕ್ಕೆ ಎಂದಿದ್ದರೆ ಆರೂವರೆಗೆಲ್ಲ ಅಲ್ಲಿ ನಾಲ್ಕೈದು ಜನ ಬಂದಿರುತ್ತಾರೆ. ಟೇಪು, ಹಗ್ಗ, ಗೂಟ, ಸುಣ್ಣದ ಪುಡಿಯ ಬಕೆಟ್ಟು. ಮೂರು, ನಾಲ್ಕು, ಐದು ಮೀಟರಿನ ತ್ರಿಕೋನ ಹಿಡಿದು ಮೊದಲು ಒಂದು ಮೂಲೆಯನ್ನು ಲಂಬಕೋನಕ್ಕೆ ತರುತ್ತಾರೆ. ಆಮೇಲೆ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಕಣ, ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ಗೆರೆ ಒಂದು ಗೇಣು ಆಚೀಚೆಯಾದರೂ ಮಧ್ಯಾಹ್ನದ ಹೊತ್ತಿಗೆ ಯಾವುದಾದರೂ ತಂಡದ ಮ್ಯಾನೇಜರು ಟೇಬಲ್ಲಿನ ಮುಂದೆ ನಿಂತಿರುತ್ತಾರೆ ಎಂಬುದು ಅವರಿಗೆ ಗೊತ್ತು. ಎಂಟೂವರೆಗೆ ಕುಡಿಯುವ ನೀರಿನ ಕ್ಯಾನು ಬಂತೇ ಎಂದು ನೋಡುತ್ತಾರೆ, ಸ್ಕೋರ್ ಶೀಟಿಗೆ ಕ್ಲಿಪ್ಪು ಹಾಕುತ್ತಾರೆ, ಮೈಕಿನವನಿಗೆ ಮೂರನೇ ಸಲ ಫೋನು ಮಾಡುತ್ತಾರೆ. ಸಂಜೆ ಬಹುಮಾನ ವಿತರಣೆಯಲ್ಲಿ ಗೆದ್ದ ತಂಡದ ಹೆಸರು, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಎಲ್ಲವನ್ನೂ ಕರೆಯುತ್ತಾರೆ. ಗೆರೆ ಎಳೆದವರು ಆ ಹೊತ್ತಿಗೆ ಕುರ್ಚಿ ಮಡಚುತ್ತಿರುತ್ತಾರೆ.

ಈ ಬರಹ ಅವರ ಕುರಿತು. ಕಾಲೇಜಿನ ಆಟೋಟವನ್ನು ನಡೆಸುವ ವಿದ್ಯಾರ್ಥಿಗಳು ಅಲ್ಲಿ ಕಲಿಯುವುದು ತರಗತಿಯಲ್ಲಿ ಸಿಗದ ಒಂದು ಉದ್ಯೋಗವಿದ್ಯೆ. ಬೇರೆ ದೇಶಗಳಲ್ಲಿ ಅದೇ ಕೆಲಸಕ್ಕೆ ಸಂಬಳವಿದೆ, ತರಬೇತಿಯಿದೆ, ಬಡ್ತಿಯಿದೆ. ನಮ್ಮಲ್ಲಿ ‘ಸರ್ ಹೇಳಿದರು, ಮಾಡಿದೆ’ ಎಂಬಲ್ಲಿಗೆ ಮುಗಿಯುತ್ತದೆ. ಇದನ್ನು ಬದಲಾಯಿಸಲು ದೊಡ್ಡ ಹಣ ಬೇಕಿಲ್ಲ, ಮನಸ್ಸು ಬೇಕು. ಬದಲಾದರೆ ಮೊದಲ ಲಾಭ ಕಾರವಾರದಿಂದ ದೂರದ ಕದ್ರಾ, ಮಲ್ಲಾಪುರ, ಕೆರವಡಿಯಂಥ ಊರುಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ಮಕ್ಕಳಿಗೆ.

ಕಾರವಾರ, ಅಂಕೋಲೆಯ ಕಾಲೇಜುಗಳಲ್ಲಿ ಈ ಕೆಲಸದ ಕೇಂದ್ರ ಜಿಮಖಾನಾ ಕೋಣೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಓದಿದವರಿಗೆ ಈ ಕೋಣೆಯ ಪರಿಚಯ ಬೇಕಿಲ್ಲ. ಒಂದು ಗೋದ್ರೆಜ್ ಕಪಾಟು, ಮೂಲೆಯಲ್ಲಿ ಸುತ್ತಿಟ್ಟ ವಾಲಿಬಾಲ್ ನೆಟ್ಟು, ಗಾಳಿ ಹೋದ ಚೆಂಡುಗಳು, ಗೋಡೆಗೆ ಹಳೆಯ ತಂಡಗಳ ಫೋಟೋ. ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರು. ಕಾಲೇಜಿನಲ್ಲಿ ಸಾವಿರ ಮಕ್ಕಳಿದ್ದರೂ ಅವರು ಒಬ್ಬರೇ. ಹೀಗಾಗಿ ಜಿಮಖಾನಾ ನಡೆಯುವುದೇ ವಿದ್ಯಾರ್ಥಿಗಳ ಕೈಯಿಂದ. ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 1980ರ ದಶಕದ ಕೊನೆಗೆ ನಿಂತಿತು. ಆಮೇಲೆ, ಇಪ್ಪತ್ತರ ಪ್ರಾಯದವರಿಗೆ ನಿಜವಾದ ಜವಾಬ್ದಾರಿ ಕೈಗೆ ಬರುವ ಕೆಲವೇ ಜಾಗಗಳಲ್ಲಿ ಇದೂ ಒಂದಾಗಿ ಉಳಿದಿದೆ. ಎನ್‌ಎಸ್‌ಎಸ್, ಎನ್‌ಸಿಸಿ ಇವೆ, ನಿಜ. ಆದರೆ ಎನ್‌ಎಸ್‌ಎಸ್ ಶಿಬಿರ ವರ್ಷಕ್ಕೆ ಏಳು ದಿನ. ಜಿಮಖಾನಾ ಕೋಣೆಯ ಬಾಗಿಲು ದಿನವೂ ತೆರೆಯಬೇಕು, ದಿನವೂ ಮುಚ್ಚಬೇಕು.

ಅಲ್ಲಿ ಏನು ಕಲಿಯುತ್ತಾರೆ ಎಂದು ಕೇಳಿದರೆ ‘ನಾಯಕತ್ವ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ಅಷ್ಟು ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಕೆಲಸವನ್ನೇ ಬಿಡಿಸಿ ನೋಡೋಣ.

ವಿಶ್ವವಿದ್ಯಾಲಯದ ಏಕವಲಯ ಪಂದ್ಯಾವಳಿಯೊಂದರ ಆತಿಥ್ಯ ಕಾಲೇಜಿಗೆ ಬಂತು, ಹನ್ನೊಂದು ತಂಡ ಹೆಸರು ಕೊಟ್ಟವು ಎಂದಿಟ್ಟುಕೊಳ್ಳಿ. ಲೀಗ್ ಮಾಡಿದರೆ 55 ಪಂದ್ಯ. ಎರಡು ದಿನದಲ್ಲಿ ಆಗುವ ಮಾತಲ್ಲ. ನಾಕೌಟ್ ಮಾಡಿದರೆ ಹತ್ತೇ ಪಂದ್ಯ. ಆದರೆ ಹನ್ನೊಂದನ್ನು ಎರಡರ ಮುಂದಿನ ಘಾತವಾದ ಹದಿನಾರಕ್ಕೆ ಏರಿಸಿ ಲೆಕ್ಕ ಹಾಕಬೇಕು. ಐದು ತಂಡಕ್ಕೆ ‘ಬೈ’, ಅಂದರೆ ಆಡದೆಯೇ ಎರಡನೇ ಸುತ್ತಿಗೆ ಪ್ರವೇಶ, ಬರುತ್ತದೆ. ಮೇಲಿನ ಅರ್ಧಕ್ಕೆ ಎರಡು, ಕೆಳಗಿನ ಅರ್ಧಕ್ಕೆ ಮೂರು. ಮೊದಲ ಸುತ್ತಿನಲ್ಲಿ ಮೂರು ಪಂದ್ಯ ಮುಗಿದು ಎಂಟು ತಂಡ ಉಳಿಯುತ್ತವೆ. ಚೀಟಿ ಎತ್ತುವುದು ಎಲ್ಲ ಮ್ಯಾನೇಜರರ ಎದುರಿಗೇ ಆಗಬೇಕು, ಇಲ್ಲದಿದ್ದರೆ ‘ಬೈ ಅವರಿಗೇ ಯಾಕೆ’ ಎಂಬ ಮಾತು ಬಂದೇ ಬರುತ್ತದೆ. ಧಾರವಾಡದಿಂದ ಹೊರಟ ತಂಡ ಅರಬೈಲ್ ಘಟ್ಟದಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡರೆ ವೇಳಾಪಟ್ಟಿ ತಿದ್ದಬೇಕು, ತಿದ್ದಿದ್ದನ್ನು ಕಾದು ಕುಳಿತ ಎದುರಾಳಿಗೆ ಒಪ್ಪಿಸಬೇಕು. ಇದನ್ನು ಒಮ್ಮೆ ಮಾಡಿದ ಹುಡುಗಿಗೆ ಮುಂದೆ ಆಸ್ಪತ್ರೆಯ ಡ್ಯೂಟಿ ಪಟ್ಟಿಯನ್ನೋ ಗೋದಾಮಿನ ಲಾರಿ ಪಟ್ಟಿಯನ್ನೋ ಕೈಗಿತ್ತರೆ ಗಾಬರಿಯಾಗುವುದಿಲ್ಲ.

ಟ್ರ್ಯಾಕಿನ ಗೆರೆಯೂ ಹಾಗೆಯೇ. ಜಂಬಿಟ್ಟಿಗೆ ನೆಲದ ನಮ್ಮ ಕಾಲೇಜು ಮೈದಾನಗಳಲ್ಲಿ ಹೆಚ್ಚೆಂದರೆ ಇನ್ನೂರು ಮೀಟರಿನ ಟ್ರ್ಯಾಕು. ಲೇನಿನ ಅಗಲ 1.22 ಮೀಟರ್ ಇಟ್ಟುಕೊಂಡು ಒಂದು ಪೂರ್ಣ ಸುತ್ತಿನ ಓಟಕ್ಕೆ ಸುಣ್ಣದ ಗೆರೆ ಹಾಕುವಾಗ ಪ್ರತಿ ಹೊರ ಲೇನಿನವನು ಅದರ ಒಳಗಿನವನಿಗಿಂತ 7.67 ಮೀಟರ್ ಮುಂದೆ ನಿಲ್ಲಬೇಕು. ಎರಡು ಸಲ ಪೈ, ಅದಕ್ಕೆ ಗುಣಿಸು 1.22. ಟ್ರ್ಯಾಕು ಇನ್ನೂರು ಮೀಟರಿನದಾದರೂ ನಾನೂರರದಾದರೂ ಈ ಅಂತರ ಬದಲಾಗುವುದಿಲ್ಲ. ಏಕೆ ಎಂದು ಹೊಳೆದ ದಿನ ವೃತ್ತದ ಪರಿಧಿ ಎಂದರೇನು ಎಂಬುದು ಆ ವಿದ್ಯಾರ್ಥಿಗೆ ಜೀವನಪೂರ್ತಿ ಮರೆಯುವುದಿಲ್ಲ. ಬಿ.ಎ. ಓದುವವರಿಗೂ ಹೊಳೆಯುತ್ತದೆ.

ಸ್ಟಾಕ್ ರಿಜಿಸ್ಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟು ಚೆಂಡು ಹೋಯಿತು, ಎಷ್ಟು ಬಂತು, ಪಂಪಿನ ಸೂಜಿ ಯಾರ ಹತ್ತಿರ ಉಳಿಯಿತು, ಟಿ.ಎ-ಡಿ.ಎ. ವೋಚರಿಗೆ ಯಾರ ಸಹಿ ಬಾಕಿ. ಸಾರ್ವಜನಿಕ ಹಣದ ಲೆಕ್ಕ ಇಡುವ ಮೊದಲ ಅನುಭವ ಇದು. ಲೆಕ್ಕ ತಪ್ಪಿದರೆ ಕೈಯಿಂದ ಹಾಕಬೇಕಾಗುತ್ತದೆ ಎಂಬ ಭಯವೂ ಅದರಲ್ಲೇ ಇದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಅಂಪೈರಿಂಗ್ ಹತ್ತಿರ. ಒಂದು ಕಬಡ್ಡಿ ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಬೇಕು. ಕಾಲೇಜಿನೊಳಗಿನ ತರಗತಿ-ತರಗತಿ ಪಂದ್ಯಗಳಿಗೆ ಇಷ್ಟು ಜನರನ್ನು ಹೊರಗಿನಿಂದ ಕರೆಸುವುದು ಆಗದು. ಬಿ.ಕಾಂ. ಕೊನೆಯ ವರ್ಷಕ್ಕೂ ಬಿ.ಎ. ಎರಡನೇ ವರ್ಷಕ್ಕೂ ಪಂದ್ಯ ಬಿದ್ದಾಗ ಸೀಟಿ ಬಿ.ಎಸ್ಸಿ.ಯ ಒಬ್ಬನ ಬಾಯಲ್ಲಿರುತ್ತದೆ. ರೈಡು ಮೂವತ್ತು ಸೆಕೆಂಡು. ಅಷ್ಟರೊಳಗೆ ದಾಳಿಗಾರನ ಉಸಿರು, ಕಾಲು, ಹಿಡಿಯುವವರ ಕೈ, ಅಂಚಿನ ಗೆರೆ ಎಲ್ಲವನ್ನೂ ನೋಡಬೇಕು. ದಾಳಿ ಮಾಡುತ್ತಿರುವವನು ದಿನಾ ಒಂದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬರುವ ಗೆಳೆಯ. ಅವನ ಹಿಮ್ಮಡಿ ಗೆರೆಯಾಚೆ ತಾಗಿದ್ದು ಇವನ ಕಣ್ಣಿಗೆ ಬಿತ್ತು, ಮತ್ತಾರಿಗೂ ಬೀಳಲಿಲ್ಲ. ಸೀಟಿ ಊದಬೇಕೋ ಬೇಡವೋ?

ಊದಿದರೆ ಮೊದಲು ಗದ್ದಲ. ಆಗ ಅವನಿಗೆ ಇರುವ ಆಸರೆ ನಿಯಮ ಒಂದೇ. ನಿಯಮ ಬಾಯಿಪಾಠ ಇದ್ದರೆ ದನಿ ಏರಿಸಬೇಕಾಗುವುದಿಲ್ಲ. ನಿಯಮ ಅರ್ಧಂಬರ್ಧ ಗೊತ್ತಿದ್ದವನೇ ಕಿರುಚುವುದು. ಎರಡನೆಯದು, ನಿರ್ಧಾರಕ್ಕೆ ಹೊತ್ತಿದೆ. ಎರಡು ಸೆಕೆಂಡು ತಡವಾಗಿ ಊದಿದ ಸೀಟಿಯನ್ನು ಯಾರೂ ನಂಬುವುದಿಲ್ಲ, ನಿರ್ಣಯ ಸರಿಯಿದ್ದರೂ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಸಂಜೆ ಅದೇ ಬಸ್ಸಿನಲ್ಲಿ ಅದೇ ಗೆಳೆಯನ ಪಕ್ಕ ಕೂರಬೇಕು. ‘ಏನೋ ಮಾರಾಯಾ, ನನ್ನನ್ನೇ ಔಟು ಕೊಟ್ಟೆಯಲ್ಲ’ ಎಂದರೆ ‘ನಿನ್ನ ಕಾಲು ಹೊರಗಿತ್ತು’ ಎಂದಷ್ಟೇ ಹೇಳಿ, ಸ್ನೇಹವನ್ನೂ ಉಳಿಸಿಕೊಂಡು, ನಾಳೆ ಮತ್ತೆ ಮೈದಾನಕ್ಕೆ ಬರಬೇಕು. ಹುದ್ದೆಯ ಬಲವಿಲ್ಲದೆ, ವಯಸ್ಸಿನ ಹಿರಿತನವಿಲ್ಲದೆ, ಸರೀಕರ ನಡುವೆ ಮಾತು ನಡೆಸುವುದು ಇದು. ಮುಂದೆ ಬ್ಯಾಂಕಿನ ಶಾಖೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಹಡಗುಕಟ್ಟೆಯ ಕಚೇರಿಯಲ್ಲಿ ಸಹೋದ್ಯೋಗಿಯ ತಪ್ಪನ್ನು ಎದುರಿಗೇ ಹೇಳಬೇಕಾಗಿ ಬಂದಾಗ ಬೇಕಾಗುವುದು ಇದೇ ಧೈರ್ಯ. ಇದಕ್ಕೆ ನಮ್ಮ ಪದವಿ ತರಗತಿಗಳಲ್ಲಿ ಒಂದು ಪಾಠವೂ ಇಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳು ಇದನ್ನು ಬಹಳ ಹಿಂದೆ ಕಂಡುಕೊಂಡವು. ಕಾಲೇಜು ತಂಡಕ್ಕೆ ಆಯ್ಕೆಯಾಗದ ಸಾಮಾನ್ಯ ವಿದ್ಯಾರ್ಥಿಗಳೂ ಆಡಲಿ ಎಂದು ಮಿಷಿಗನ್ ಮತ್ತು ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಗಳು 1913ರಲ್ಲಿ ಅದಕ್ಕೆಂದೇ ವಿಭಾಗ ತೆರೆದವು. 1950ರ ಫೆಬ್ರುವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಡಿಲಾರ್ಡ್ ವಿಶ್ವವಿದ್ಯಾಲಯದಲ್ಲಿ ಡಾ. ವಿಲಿಯಂ ವಾಸನ್ ಅವರು ಹನ್ನೊಂದು ಕಾಲೇಜುಗಳ ಆಟೋಟ ನಿರ್ದೇಶಕರನ್ನು ಕರೆದು ಸಭೆ ನಡೆಸಿದರು. ಹನ್ನೊಂದೂ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗಾಗಿ ಕಟ್ಟಿದ ಕಾಲೇಜುಗಳು. ವರ್ಣಭೇದ ಕಾನೂನಿನಲ್ಲೇ ಇದ್ದ ಕಾಲವದು. ಆ ಸಭೆಯಿಂದ ಹುಟ್ಟಿದ ಸಂಘವೇ ಇಂದು ಅಲ್ಲಿನ ಕ್ಯಾಂಪಸ್ ಆಟೋಟದ ರಾಷ್ಟ್ರೀಯ ಸಂಸ್ಥೆ ‘ನಿರ್ಸಾ’. ಸೌಕರ್ಯ ಕಡಿಮೆ ಇದ್ದ ಕಾಲೇಜುಗಳಿಂದ ಈ ಕೆಲಸ ಶುರುವಾಯಿತು ಎಂಬುದನ್ನು ನಮ್ಮ ಸಣ್ಣ ಊರಿನ ಕಾಲೇಜುಗಳು ಗಮನಿಸಬೇಕು.

ಅಮೆರಿಕಕ್ಕೆ ಓದಲು ಹೋದ ಕನ್ನಡದ ಮಕ್ಕಳಲ್ಲಿ ಹಲವರು ಸೇರುವ ಮೊದಲ ಕೆಲಸ ಕ್ಯಾಂಪಸ್ಸಿನ ಜಿಮ್ಮಿನ ಮುಂಬಾಗಿಲ ಮೇಜಿನದೋ ಗ್ರಂಥಾಲಯದ್ದೋ ಆಗಿರುತ್ತದೆ. ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ ಇಪ್ಪತ್ತು ತಾಸಿನ ತನಕ ದುಡಿಯಬಹುದು. ಕಾರ್ಡು ಪರೀಕ್ಷಿಸುವುದು, ಟವೆಲ್ ಕೊಡುವುದು, ಈಜುಕೊಳದ ಜೀವರಕ್ಷಕ, ಪಂದ್ಯದ ರೆಫರಿ, ಚಾರಣದ ಮುಂದಾಳು. ಮೊದಲ ವರ್ಷ ರೆಫರಿಯಾದವರು ಚೆನ್ನಾಗಿ ಮಾಡಿದರೆ ಎರಡನೇ ವರ್ಷ ಹತ್ತು ರೆಫರಿಗಳ ಮೇಲ್ವಿಚಾರಕರು; ಮೂರನೇ ವರ್ಷ ರಾತ್ರಿ ಇಡೀ ಕಟ್ಟಡದ ಹೊಣೆ. ಯಾರಿಗಾದರೂ ಎದೆನೋವು ಬಂದರೆ ಮೊದಲು ಯಾರಿಗೆ ಫೋನು, ಯಾರು ಬಾಗಿಲು ತೆರೆದು ಆಂಬುಲೆನ್ಸಿಗೆ ದಾರಿ ತೋರಬೇಕು, ಎಲ್ಲ ಬರೆದಿಟ್ಟು ತಾಲೀಮು ನಡೆಸಿರುತ್ತಾರೆ. ಕೆಲಸ ಸಣ್ಣದು; ಅದಕ್ಕೆ ಹತ್ತುವ ಮೆಟ್ಟಿಲಿದೆ ಎನ್ನುವುದು ದೊಡ್ಡದು.

ಈ ವಿದ್ಯಾರ್ಥಿ ನೌಕರರ ಬಗ್ಗೆ ಹಾಲ್, ಫಾರೆಸ್ಟರ್ ಮತ್ತು ಬೋರ್ಜ್ ಎಂಬ ಮೂವರು ಸಂಶೋಧಕರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯೋಜನೆ ಹಾಕಿ ಕೆಲಸ ಹಂಚುವುದು, ಓದು-ದುಡಿಮೆ ಎರಡನ್ನೂ ತೂಗಿಸುವುದು, ಕಿರಿಯರಿಗೆ ಮಾದರಿಯಾಗುವುದು, ಬಿಕ್ಕಟ್ಟಿನಲ್ಲಿ ನಿರ್ಧರಿಸುವುದು, ಬೇರೆ ಹಿನ್ನೆಲೆಯವರೊಡನೆ ಹೊಂದಿಕೊಳ್ಳುವುದು, ಇವನ್ನೆಲ್ಲ ವಿದ್ಯಾರ್ಥಿಗಳು ತಮ್ಮ ಬಾಯಿಂದಲೇ ಹೇಳಿದರು. ಪಟ್ಟಿಯಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು: ತಪ್ಪನ್ನು ತೋರಿಸಿಕೊಡುವುದು ಮತ್ತು ತೋರಿಸಿಕೊಟ್ಟಾಗ ತಾಳ್ಮೆಯಿಂದ ಕೇಳುವುದು. ನಮ್ಮ ಕಾಲೇಜುಗಳಲ್ಲಿ ಪೂರ್ತಿ ತಪ್ಪಿಹೋಗುವುದು ಇದೇ. ಪಂದ್ಯ ಮುಗಿದ ಸಂಜೆ ಎಲ್ಲರೂ ದಣಿದು ಮನೆಗೆ ಹೋಗುತ್ತಾರೆ. ಏನು ಸರಿಹೋಯಿತು, ಏನು ಎಡವಟ್ಟಾಯಿತು ಎಂದು ಕೂತು ಮಾತಾಡುವುದಿಲ್ಲ. ಕೆಲಸ ಮಾಡಿದ ಮಾತ್ರಕ್ಕೆ ಕಲಿತಂತಾಗುವುದಿಲ್ಲ. ಹಿರಿಯರೊಬ್ಬರು ಕೂರಿಸಿ ಕೇಳಿದಾಗ ಮಾಡಿದ್ದು ಕಲಿಕೆಯಾಗುತ್ತದೆ.

ಅದಕ್ಕೆ ಅಯೋವಾ ವಿಶ್ವವಿದ್ಯಾಲಯ 2009ರಲ್ಲಿ ಒಂದು ಸರಳ ಕ್ರಮ ತಂದಿತು. ಕ್ಯಾಂಪಸ್ಸಿನಲ್ಲಿ ದುಡಿಯುವ ವಿದ್ಯಾರ್ಥಿಯನ್ನು ಅವರ ಮೇಲ್ವಿಚಾರಕರು ಪ್ರತಿ ಸೆಮಿಸ್ಟರಿನಲ್ಲಿ ಎರಡು ಸಲ ಕೂರಿಸಿಕೊಂಡು ನಾಲ್ಕು ವಿಷಯ ವಿಚಾರಿಸುತ್ತಾರೆ. ಈ ಕೆಲಸ ನಿನ್ನ ಓದಿನ ಜೊತೆ ಹೇಗೆ ಹೊಂದುತ್ತಿದೆ, ಇಲ್ಲಿ ಕಲಿತದ್ದು ತರಗತಿಯಲ್ಲಿ ಎಲ್ಲಿ ನೆರವಾಯಿತು, ತರಗತಿಯಲ್ಲಿ ಕಲಿತದ್ದು ಇಲ್ಲಿ ಎಲ್ಲಿ ಬಳಕೆಯಾಯಿತು, ಮುಂದೆ ನೀನು ಸೇರಬೇಕೆಂದಿರುವ ವೃತ್ತಿಗೆ ಇದರಿಂದ ಏನು ಒಯ್ಯುತ್ತೀಯ. ಇಷ್ಟೇ. ಹತ್ತು ಹದಿನೈದು ನಿಮಿಷದ ಮಾತು. ಕಟ್ಟಡ ಬೇಡ, ಯಂತ್ರ ಬೇಡ. ಈ ಮಾತುಕತೆಯಿಂದ ಆಗುವ ಲಾಭ ಗೊತ್ತಾಗುವುದು ನೌಕರಿಯ ಸಂದರ್ಶನದಲ್ಲಿ. ‘ಕಷ್ಟದ ಸನ್ನಿವೇಶವೊಂದನ್ನು ನೀವು ನಿಭಾಯಿಸಿದ್ದು ಹೇಳಿ’ ಎಂದು ಕೇಳಿದಾಗ ನಮ್ಮ ಕಡೆಯ ಮಕ್ಕಳು ತಡವರಿಸುತ್ತಾರೆ. ಅನುಭವ ಇಲ್ಲವೆಂದಲ್ಲ. ಏಕವಲಯ ಪಂದ್ಯಾವಳಿಯನ್ನೇ ನಡೆಸಿದವನಿಗೆ ಅದು ಹೇಳಬೇಕಾದ ವಿಷಯ ಎಂದು ಯಾರೂ ಹೇಳಿಕೊಟ್ಟಿಲ್ಲ.

ಇನ್ನು ಕದ್ರಾದ ಮಾತು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟು, ಅದರ ಬುಡದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 150 ಮೆಗಾವಾಟ್ ವಿದ್ಯುದಾಗಾರ, ಹಿನ್ನೀರಿನ ಕಡೆ ಕೈಗಾ ಅಣುವಿದ್ಯುತ್ ಸ್ಥಾವರ, ಮಲ್ಲಾಪುರದಲ್ಲಿ ಅದರ ಟೌನ್‌ಶಿಪ್. ಇಲ್ಲಿನ ಮನೆಗಳಲ್ಲಿ ಪಾಳಿ ಕೆಲಸ ಹೊಸದಲ್ಲ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ದಿನಕ್ಕೆ ಮೂರು ಪಾಳಿ ಎಂದು ಹಿಡಿದರೆ, ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಸಲ ಒಂದು ಗುಂಪು ಇನ್ನೊಂದು ಗುಂಪಿಗೆ ಲಾಗ್‌ಬುಕ್ ಬರೆದು, ಇದು ಹೀಗಿದೆ, ಅದು ಹಾಗಿದೆ ಎಂದು ಹೇಳಿ ಹೊಣೆ ದಾಟಿಸಿತು. ಅಷ್ಟು ಸಲ ಕೈ ಬದಲಾದರೂ ಯಂತ್ರ ನಿಲ್ಲಲಿಲ್ಲ. ಜಿಮಖಾನಾ ಕೋಣೆಯ ಬೀಗದಕೈ ಮಧ್ಯಾಹ್ನ ಒಬ್ಬಳಿಂದ ಇನ್ನೊಬ್ಬನಿಗೆ ಹೋಗುವಾಗ ‘ಎರಡು ನೆಟ್ಟು ಹೊರಗಿದೆ, ಮೂರನೇ ಕಂಬದ ಕೊಂಡಿ ಸಡಿಲವಿದೆ, ಯಾರನ್ನೂ ಹತ್ತಿಸಬೇಡ’ ಎಂದು ಬರೆದಿಟ್ಟು ಹೋಗುವ ಅಭ್ಯಾಸವೂ ಅದೇ ಜಾತಿಯ ಶಿಸ್ತು. ಸ್ಥಾವರದ ಸುತ್ತಲಿನ ಊರಿನವರಿಗೆ ತುರ್ತು ಪರಿಸ್ಥಿತಿಯ ಅಣಕು ಕಾರ್ಯಾಚರಣೆಯೂ ಗೊತ್ತು. 2019ರ ಆಗಸ್ಟಿನಲ್ಲಿ ಕದ್ರಾ ಜಲಾಶಯದಿಂದ ನೀರು ಬಿಟ್ಟು ಕಾಳಿಯ ಕೆಳದಂಡೆಯ ಊರುಗಳು ಮುಳುಗಿದಾಗ ಜನರನ್ನು ಸಾಲು ಮಾಡಿ ಕರೆತರುವುದು, ಹೆಸರು ಬರೆದುಕೊಳ್ಳುವುದು, ಊಟದ ಲೆಕ್ಕ ಹಿಡಿಯುವುದು ಎಷ್ಟು ದೊಡ್ಡ ಕೆಲಸ ಎಂಬುದನ್ನೂ ಅವರು ಕಂಡಿದ್ದಾರೆ. ಇಂಥ ಊರಿನ ಮಕ್ಕಳಿಗೆ ಈ ವಿದ್ಯೆ ಬೇಗ ಹತ್ತುತ್ತದೆ.

ಆದರೆ ಇಂದಿನ ಜಿಮಖಾನಾ ವ್ಯವಸ್ಥೆಯಲ್ಲಿ ಇವರಿಗೇ ಜಾಗವಿಲ್ಲ. ಕದ್ರಾದಿಂದ ಕಾರವಾರಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು. ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ಸುಣ್ಣ ಹಾಕುವುದು ಅವರಿಂದ ಆಗದು. ಸಂಜೆ ಅಭ್ಯಾಸಕ್ಕೆ ನಿಂತರೆ ಬಸ್ಸು ತಪ್ಪುತ್ತದೆ. ಹೀಗಾಗಿ ಕ್ರೀಡಾ ಕಾರ್ಯದರ್ಶಿ, ಸ್ಕೋರರ್, ಅಂಪೈರ್ ಎಲ್ಲ ಊರಿನೊಳಗಿನವರೇ ಆಗುತ್ತಾರೆ. ಇನ್ನೊಂದು ಅಡ್ಡಿ ಹಣ. ಮನೆಗೆ ನಾಲ್ಕು ಕಾಸು ತರಬೇಕಾದ ಹುಡುಗ ಮದುವೆ ಸೀಸನ್ನಿನಲ್ಲಿ ಬಡಿಸಲು ಹೋಗುತ್ತಾನೆ, ಅಂಗಡಿಯಲ್ಲಿ ನಿಲ್ಲುತ್ತಾನೆ. ಕಾಲೇಜಿಗಾಗಿ ಪುಕ್ಕಟೆ ದುಡಿಯುವುದು ಅವನಿಗೆ ಕೈಗೆಟುಕದ ಸುಖ. ನಾಯಕತ್ವ ಕಲಿಸುವ ಕೆಲಸ ಪುಕ್ಕಟೆಯದಾದರೆ ಅದನ್ನು ಕಲಿಯುವವರು ಉಳ್ಳವರ ಮಕ್ಕಳೇ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಮಾತೇನಾದರೂ ಇದ್ದರೆ ಇದು.

ಹೆಣ್ಣುಮಕ್ಕಳ ವಿಷಯದಲ್ಲಿ ಸಂಬಳಕ್ಕೆ ಇನ್ನೂ ಒಂದು ಗುಣವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸಿನ ಖರ್ಚು ಇಲ್ಲವಾಯಿತು. ಆದರೆ ‘ಆಟಕ್ಕೆ ನಿಲ್ಲುತ್ತೇನೆ ಆಯಿ’ ಎಂದರೆ ಮನೆಯಲ್ಲಿ ಇನ್ನೂ ಹುಬ್ಬು ಗಂಟಿಕ್ಕುತ್ತದೆ. ‘ಕಾಲೇಜಿನಲ್ಲಿ ಕೆಲಸ ಕೊಟ್ಟಿದ್ದಾರೆ ಆಯಿ, ತಿಂಗಳಿಗೆ ಇಷ್ಟು ಬರುತ್ತದೆ’ ಎಂದರೆ ಅದೇ ತಾಯಿ ನೆರೆಮನೆಯವರಿಗೂ ಹೇಳಿಕೊಂಡು ಬರುತ್ತಾಳೆ. ಆ ದುಡ್ಡು ಹುಡುಗಿಗೆ ಮೈದಾನದಲ್ಲಿ ನಿಲ್ಲುವ ಹಕ್ಕು ಕೊಡುತ್ತದೆ.

ದುಡಿಯುತ್ತ ಓದುವುದು ನಮಗೆ ಹೊರಗಿನ ವಿಚಾರವೇನಲ್ಲ. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಸಾತಾರಾ ಸೀಮೆಯ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಬಡ ರೈತರ ಮಕ್ಕಳು ದುಡಿದು ಓದಲು ದಾರಿ ಮಾಡಿಕೊಟ್ಟರು. 1947ರಲ್ಲಿ ಸಾತಾರಾದಲ್ಲಿ ತೆರೆದ ಶಿವಾಜಿ ಕಾಲೇಜಿಗೂ ಅದನ್ನೇ ತಂದರು. ನಮ್ಮ ಅಂಕೋಲೆಯಲ್ಲೇ ಇನ್ನೊಂದು ಬೇರಿದೆ. ಚುಟುಕಗಳ ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಅದರ ಆಶ್ರಯದಲ್ಲಿ 1966ರಲ್ಲಿ ಅಂಕೋಲೆಗೆ ಬಂದ ಕಾಲೇಜಿಗೆ ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಮಾನದ ನೆನಪಿನ ಹೆಸರು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದವರು ದೇಸಾಯಿಯವರು. ಸಾರ್ವಜನಿಕ ಕೆಲಸಕ್ಕೆ ತರುಣರನ್ನು ತರಬೇತಿ ಕೊಟ್ಟೇ ಸಿದ್ಧಮಾಡಬೇಕು, ಉತ್ಸಾಹ ಒಂದೇ ಸಾಲದು ಎಂಬುದು ಆ ಸಮಾಜದ ಬುನಾದಿ. ಅಂಥ ಹೆಸರು ಹೊತ್ತ ಊರಿನಲ್ಲಿ ಕಾಲೇಜಿನ ಪಂದ್ಯ ನಡೆಸುವವರಿಗೂ ತರಬೇತಿ ಬೇಕು ಎಂದು ಕೇಳುವುದು ಅತಿಯಾದ ಆಸೆಯಲ್ಲ.

ಪಂದ್ಯ ನಡೆಸುವ ಈ ವಿದ್ಯೆಯ ಬಾಗಿಲು ತೆರೆಯುವುದು ಎಲ್ಲಿಗೆ? ಬ್ಯಾಂಕು, ಪೊಲೀಸು, ಹಡಗುಕಟ್ಟೆ ಎಂದು ಹೇಳಿದೆ. ಆಟೋಟವೇ ಉದ್ಯೋಗವಾಗಿರುವ ಜಿಲ್ಲೆ ನಮ್ಮದು ಎನ್ನುವುದನ್ನು ಮರೆಯುತ್ತೇವೆ. ಸೂಪಾ ಅಣೆಕಟ್ಟಿನ ಕೆಳಗೆ ಗಣೇಶಗುಡಿಯಲ್ಲಿ ಇದೇ ಕಾಳಿಯ ಮೇಲೆ ರ‍್ಯಾಫ್ಟಿಂಗ್ ನಡೆಯುತ್ತದೆ. ದಾಂಡೇಲಿಯಲ್ಲೂ ಕಾರವಾರದ ದೇವಬಾಗದಲ್ಲೂ ಜಂಗಲ್ ಲಾಡ್ಜಸ್ ಇದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ದೋಣಿಗಳು ಹೊರಡುತ್ತವೆ. ಗೋಕರ್ಣದ ತೀರಕ್ಕೆ ದೇಶದ ಎಲ್ಲೆಡೆಯ ಜನ ಬರುತ್ತಾರೆ. ಇಲ್ಲೆಲ್ಲ ಬೇಕಾದವರು ಗುಂಪನ್ನು ನಿಭಾಯಿಸಬಲ್ಲವರು, ‘ಈಗ ನೀರಿಗಿಳಿಯಬೇಡಿ’ ಎಂದು ಹೇಳಿ ಕೇಳಿಸಬಲ್ಲವರು. ಹೇಳಿದ್ದು ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರ ನೋಡಿತು. ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸ ಬಂದ ನಾಲ್ವರು ಬಾಲಕಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ನದಿ, ಕಡಲು ಎರಡನ್ನೂ ಬಲ್ಲ ನಮ್ಮ ಮಕ್ಕಳಿಗೆ ಜೀವರಕ್ಷಣೆಯ ತರಬೇತಿ ಕೊಡಲು ದೂರ ಹೋಗಬೇಕಿಲ್ಲ. ಪಕ್ಕದ ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ. ಕಾಲೇಜಿನ ಆಟೋಟ ವಿಭಾಗ ಪ್ರತಿ ವರ್ಷ ನಾಲ್ಕು ಮಕ್ಕಳನ್ನು ಅಲ್ಲಿಗೆ ಕಳಿಸಿ, ಅವರಿಂದ ಉಳಿದವರಿಗೆ ಪ್ರಥಮ ಚಿಕಿತ್ಸೆ ಕಲಿಸಿದರೆ ಒಂದೇ ವರ್ಷದಲ್ಲಿ ಇಡೀ ಕಾಲೇಜಿನ ನಡೆ ಬದಲಾಗುತ್ತದೆ. ಇಲ್ಲಿಂದ ಹೊರಗೆ ಹೋಗುವವರಿಗೂ ಅವಕಾಶ ಇದೆ. 2022ರಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಸಿತು. ಅಂಥ ಕೂಟಗಳಿಗೆ ಆಟಗಾರರಷ್ಟೇ ಅಲ್ಲ, ನಡೆಸುವವರೂ ದೊಡ್ಡ ಸಂಖ್ಯೆಯಲ್ಲಿ ಬೇಕು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ವಿದ್ಯಾರ್ಥಿಗೆ ಸಂಬಳ ಕೊಡುತ್ತೇವೆ ಎಂದು ಜವಾನರ ಹುದ್ದೆ ಖಾಲಿ ಬಿಡುವುದು, ಗಣ್ಯರು ಬರುವ ದಿನ ಕುರ್ಚಿ ಹೊರಿಸುವುದು, ಪರೀಕ್ಷೆಯ ವಾರವೂ ಡ್ಯೂಟಿ ಹಾಕುವುದು ಆಗಬಾರದು. ವಾರಕ್ಕೆ ಎಂಟು ತಾಸಿಗೆ ಮಿತಿ ಹಾಕಬೇಕು. ಕೆಲಸ ಏನು ಎಂಬುದು ಸೇರುವ ದಿನವೇ ಕಾಗದದಲ್ಲಿರಬೇಕು. ವರ್ಷದ ಕೊನೆಗೆ ಕೊಡುವ ಪತ್ರದಲ್ಲಿ ‘ಚುರುಕಿನ ವಿದ್ಯಾರ್ಥಿ’ ಎಂಬ ಒಣ ಮಾತಿನ ಬದಲು ಇಷ್ಟು ಪಂದ್ಯ ನಡೆಸಿದರು, ಇಷ್ಟು ಜನರ ತಂಡ ನೋಡಿಕೊಂಡರು, ಇಷ್ಟು ಮೊತ್ತದ ದಾಸ್ತಾನಿನ ಲೆಕ್ಕ ಒಪ್ಪಿಸಿದರು ಎಂದಿರಬೇಕು. ಅಂಥ ಪತ್ರವನ್ನು ಸಂದರ್ಶನದಲ್ಲಿ ಮೇಜಿನ ಮೇಲೆ ಇಡಬಹುದು.

ಖರ್ಚನ್ನೂ ಲೆಕ್ಕ ಹಾಕಿ ನೋಡೋಣ. ಆರು ವಿದ್ಯಾರ್ಥಿಗಳು, ವಾರಕ್ಕೆ ಎಂಟು ತಾಸು, ವರ್ಷಕ್ಕೆ ಮೂವತ್ತು ವಾರ: 1,440 ತಾಸು. ತಾಸಿಗೆ 75 ರೂಪಾಯಿಯಂತೆ 1,08,000 ರೂಪಾಯಿ. ಪ್ರವೇಶದ ಹೊತ್ತಿಗೆ ಪ್ರತಿ ವಿದ್ಯಾರ್ಥಿಯಿಂದ ಕ್ರೀಡಾ ಶುಲ್ಕ ಬರುತ್ತದೆ, ಹಳೆಯ ವಿದ್ಯಾರ್ಥಿ ಸಂಘಗಳಿವೆ. ಸುತ್ತಲಿನ ದೊಡ್ಡ ಸ್ಥಾವರಗಳಿಗೆ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿದೆ. ಯುಜಿಸಿ ಕೂಡ ಕಲಿಕೆಯ ಜೊತೆ ಗಳಿಕೆಯನ್ನು ಪ್ರೋತ್ಸಾಹಿಸಲು ಹೇಳಿದೆ. ಸ್ನೇಹ ಸಮ್ಮೇಳನದ ಪೆಂಡಾಲು, ಸೌಂಡು, ಲೈಟಿನ ಬಿಲ್ಲಿನ ಪಕ್ಕದಲ್ಲಿ ಈ ಮೊತ್ತವನ್ನು ಇಟ್ಟು ಪ್ರಾಚಾರ್ಯರು ಒಮ್ಮೆ ನೋಡಲಿ.

ಆರರಲ್ಲಿ ಎರಡು ಜಾಗವನ್ನು ದೂರದಿಂದ ಬಸ್ಸಿನಲ್ಲಿ ಬರುವವರಿಗೆ ತೆಗೆದಿರಿಸಬೇಕು, ಅವರ ಪಾಳಿ ಬಸ್ಸಿನ ಹೊತ್ತಿಗೆ ಹೊಂದಬೇಕು. ಮಧ್ಯಾಹ್ನದ ಬಿಡುವಿನಲ್ಲಿ ದಿನಕ್ಕೆ ಒಂದು ತಾಸು, ಶನಿವಾರ ತರಗತಿ ಮುಗಿದ ಮೇಲೆ ಮೂರು ತಾಸು. ಎಂಟು ತಾಸು ಅಲ್ಲಿಗೇ ಆಯಿತು. ಜೂನ್‌ನಲ್ಲಿ ಪ್ರವೇಶದ ಜೊತೆಗೇ ಅರ್ಜಿ ಕರೆದರೆ ಮಳೆಗಾಲ ಪೂರ್ತಿ ಒಳಗೇ ಕೂತು ಕಲಿಯುವುದಕ್ಕಿದೆ: ನಿಯಮ ಪುಸ್ತಕ, ಸ್ಕೋರ್ ಶೀಟು, ಪ್ರಥಮ ಚಿಕಿತ್ಸೆ, ದಾಸ್ತಾನಿನ ಲೆಕ್ಕ. ಕಾರವಾರದ ಮಾಲಾದೇವಿ ಮೈದಾನವೂ ಅಂಕೋಲೆಯ ಜೈಹಿಂದ್ ಮೈದಾನವೂ ಒಣಗುವ ಹೊತ್ತಿಗೆ ಆ ವರ್ಷದ ಪಂದ್ಯಗಳಿಗೆ ಅಂಪೈರುಗಳು ಸಿದ್ಧರಿರುತ್ತಾರೆ.